ಲಾಂಗಿ ಅತ್ತೆಗೆ ಹೇಳಿದ ಮಾತು

ನಳಿಗೆಯಿಂದ ಮೊದಲು ನಾಲ್ಕು ಹನಿ ಬಿದ್ದವು, ಆಮೇಲೆ ಧಾರೆ ಹತ್ತಿತು. ಫುವಾತಿನೊ ಮೂತ್ರದ ಚೀಲದ ಮೇಲಿನ ಗೆರೆಗಳನ್ನೇ ನೋಡುತ್ತ ಕೂತಳು. ಮುನ್ನೂರು, ಐನೂರು, ಎಂಟುನೂರು. ಸಾವಿರದ ಗೆರೆ ದಾಟುವಾಗ ಅಪ್ಪ ಉದ್ದಕ್ಕೆ ಉಸಿರು ಬಿಟ್ಟ. ವಾರದಿಂದ ಹೊದಿಕೆಯ ಅಂಚನ್ನು ಕಿತ್ತು ಕಿತ್ತು ಎಳೆಯುತ್ತಿದ್ದ ಅವನ ಬೆರಳುಗಳು ಮೊದಲ ಸಲ ಸುಮ್ಮನಾದವು. ಇಪ್ಪತ್ತೆರಡು ವರ್ಷ ಅಪಿಯಾ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳಿಗೆ ಇದು ಹೊಳೆಯದೆ ಹೋಗಿತ್ತು. ಹೊಳೆಯಲಿಲ್ಲ ಎನ್ನುವುದೂ ಸುಳ್ಳು, ನೋಡಲಿಲ್ಲ, ಅಷ್ಟೆ. ಬೇರೆ ಯಾರದೇ ಅಪ್ಪನಾಗಿದ್ದರೆ ಸನ್ನಿ ಶುರುವಾದ ದಿನವೇ ಹೊದಿಕೆ ಸರಿಸಿ ಕಿಬ್ಬೊಟ್ಟೆ ಒತ್ತಿ ನೋಡಿರುತ್ತಿದ್ದಳು. ಕಿರಿಯ ನರ್ಸುಗಳಿಗೆ ಪಾಠ ಹೇಳುವಾಗ ಅವಳು ಹೇಳುತ್ತಿದ್ದದ್ದೇ ಅದು: ಕ್ಯಾನ್ಸರ್ ಕೊನೆಗೆ ಬಂದವರು ಬಡಬಡಿಸಲು ಹತ್ತಿದರೆ ಸಾವು ಬಂತು ಅಂತ ಕೈಕಟ್ಟಿ ಕೂರಬೇಡಿ, ಮೂತ್ರ ಕಟ್ಟಿದೆಯಾ ನೋಡಿ, ಮಲ ಕಟ್ಟಿದೆಯಾ ನೋಡಿ, ಮಾರ್ಫಿನ್ ಹೆಚ್ಚಾಯಿತಾ ನೋಡಿ. ಆದರೆ ಇಲ್ಲಿ ಮಗಳು ಅಪ್ಪನ ಸೊಂಟದ ಬಟ್ಟೆಗೆ ಕೈ ಹಾಕುವುದಿಲ್ಲ. ಆ ಕೆಲಸವೆಲ್ಲ ಚಿಕ್ಕಪ್ಪನ ಮಗ ಇಯೇಲುವಿನದು. ಅವನು ದಿನಾ ಬಸ್ಸು ಓಡಿಸಿ ಮುಗಿಸಿ ಬಂದು ದೊಡ್ಡಪ್ಪನ ಮೈ ಒರೆಸಿ, ಬಾಟಲಿ ಹಿಡಿದು, ತೊಳೆದಿಟ್ಟು ಹೋಗುತ್ತಿದ್ದ. ಸ್ವಲ್ಪ ಸ್ವಲ್ಪ ಹೋಗ್ತಾ ಇದೆ ಅಕ್ಕ ಎಂದು ಅವನು ಹೇಳಿದಾಗಲೆಲ್ಲ ಅವಳು ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡಿದ್ದಳು. ತುಂಬಿ ತುಳುಕಿದ್ದು ಸ್ವಲ್ಪ ಸ್ವಲ್ಪ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿರದ ವಿಷಯವಲ್ಲ. ಈ ಬೆಳಿಗ್ಗೆ ಅಪ್ಪ ಕಿಬ್ಬೊಟ್ಟೆ ಹಿಡಿದುಕೊಂಡು ನರಳಿದಾಗ, ಇಯೇಲು ಮೊದಲ ಟ್ರಿಪ್ಪಿಗೆ ಹೋಗಿಬಿಟ್ಟಿದ್ದರಿಂದ, ಗೋಡೆಯ ಬದಲಿಗಿದ್ದ ತೆಂಗಿನ ಗರಿಯ ತಟ್ಟಿಗಳನ್ನೆಲ್ಲ ಇಳಿಸಿ, ಕೈಗವಸು ಹಾಕಿಕೊಂಡು, ಮುಖ ಆಚೆ ತಿರುಗಿಸದೆ ಮಾಡಬೇಕಾದ್ದನ್ನು ಮಾಡಿದಳು. ಒಂದು ಸಾವಿರದ ಇನ್ನೂರು ಮಿಲಿಲೀಟರ್. ಹಾಗಾದರೆ ಸೋಮವಾರದ ಮಾತು, ಇವತ್ತು ಹತ್ತು ಗಂಟೆಗೆ ಮನೆತನದ ಹಿರಿಯರೆಲ್ಲ ಸೇರಿ ಆವಾ ಬೇರಿನ ಪಾನಕ ಕುಡಿದು ಒಪ್ಪಿಕೊಳ್ಳಲಿರುವ ಆ ದೊಡ್ಡ ಮಾತು, ಒಂದು ತುಂಬಿದ ಮೂತ್ರಕೋಶದಿಂದ ಎದ್ದು ಬಂದದ್ದು. ಅವಳಿಗೆ ನಗು ಬಂತು. ನಗುತ್ತ ಚೀಲವನ್ನು ಮಂಚದ ಕಾಲಿಗೆ ಕಟ್ಟಿದಳು.

ಸೋಮವಾರ ಮಧ್ಯಾಹ್ನ ಅಪ್ಪ ಅವಳನ್ನು ಲಾಂಗಿ ಎಂದು ಕರೆಯಲು ಶುರುಮಾಡಿದ್ದ. ಲಾಂಗಿ ಅವನ ಅಕ್ಕ, ಸತ್ತು ಹನ್ನೊಂದು ವರ್ಷ. ಫುವಾತಿನೊ ಮೊದಲೆರಡು ಸಲ ತಿದ್ದಿದಳು: ಅಪ್ಪಾ, ನಾನು ಫುವಾತಿನೊ, ನಿಮ್ಮ ಮಗಳು, ಇವತ್ತು ಸೋಮವಾರ, ನೀವು ಮನೇಲಿದೀರಿ. ಹಾಗೆ ಹೇಳಬೇಕೆಂದೇ ಅವಳು ಕಲಿತದ್ದು, ಕಲಿಸಿದ್ದು. ತಿದ್ದಿದಾಗ ಅಪ್ಪ ಕಂಗಾಲಾಗಿ ಎದ್ದು ಕೂರಲು ಹೋಗುತ್ತಿದ್ದ, ಮೂಳೆಗೆ ಹಬ್ಬಿದ ನೋವಿಗೆ ಚೀರುತ್ತಿದ್ದ. ಮೂರನೆಯ ಸಲ ಅವಳು ತಿದ್ದಲಿಲ್ಲ. ಕಾಲಿನ ಸುಟ್ಟಗಾಯ ಆರಿತಾ ಎಂದು ಅವನು ಕೇಳಿದ, ಆರಿತು ಎಂದಳು. ದೋಣಿಯಲ್ಲಿ ಬರುವಾಗ ಹೆದರಿದಿರಾ ಎಂದು ಕೇಳಿದ, ಇಲ್ಲ ಎಂದಳು. ಸನ್ನಿ ಇಳಿಸುವ ಹನಿಮದ್ದನ್ನು ಮೂರು ಗಂಟೆಗೆ ಕೊಡಬೇಕಿತ್ತು. ಸೀಸೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿ ಇಟ್ಟಳು. ಇನ್ನು ಹತ್ತು ನಿಮಿಷ ಎಂದುಕೊಂಡಳು. ಈ ದನಿ ಅವಳಿಗೆ ಹೊಸದು. ಐವತ್ತು ವರ್ಷ ಊರಿನ ಸಭೆಗಳಲ್ಲಿ ಕಂಬಕ್ಕೊರಗಿ ಕೂತು ಗುಡುಗಿದ ಮನುಷ್ಯ, ಮಗಳಿಗೆ ‘ಬಾ’, ‘ತಗೋ’, ‘ಹೋಗು’ಗಳ ಆಚೆ ಹೆಚ್ಚೇನೂ ಹೇಳದವನು, ಈಗ ಅವಳ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು, ನೀವು ಊಟ ಮಾಡಿದಿರೋ ಇಲ್ಲವೋ, ಮೊದಲು ನಿಮ್ಮದಾಗಲಿ, ಆಮೇಲೆ ನಾವು ಎನ್ನುತ್ತಿದ್ದ. ಅಕ್ಕ ಎಂದರೆ ಇಲ್ಲಿ ಕಣ್ಣಿನ ಗೊಂಬೆ. ಅಕ್ಕ ಬೈದರೆ ದೊಡ್ಡ ಯಜಮಾನನೂ ತಲೆ ತಗ್ಗಿಸುತ್ತಾನೆ. ಒಂದು ಗಂಟೆ ಕಾಲ ಆ ಗೌರವವನ್ನು ಅವಳು ಕದ್ದು ತಿಂದಳು. ಅಷ್ಟರಲ್ಲಿ ಮನೆತನದ ಪರವಾಗಿ ಸಭೆಗಳಲ್ಲಿ ಮಾತಾಡುವ ವಾಗ್ಮಿ ತಾಲಿಮಾಯಿ ಬಂದರು, ಹಿಂದೆಯೇ ಇಯೇಲು. ಇಬ್ಬರೂ ಚಾಪೆಯ ಮೇಲೆ ಕೂತರು. ಅಪ್ಪ ಅವರತ್ತ ನೋಡಲೂ ಇಲ್ಲ. ಅವಳ ಕೈ ಬಿಡದೆ, ಹಳೆಯ ಕಾಲದ ಗಟ್ಟಿ ದನಿಯಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದ:

“ವಾಯ್ಲುಪೆ ಅನ್ನೋ ಹೆಸರನ್ನ ನಿಮ್ಮ ಕೈಲಿ ಇಡ್ತಾ ಇದೀನಿ. ನೀವೇ ಹೊರಬೇಕು. ಬೇರೆ ಯಾರಿಗೂ ಕೊಡೋ ಮನಸ್ಸಿಲ್ಲ.”

ತಾಲಿಮಾಯಿ ಬೆನ್ನು ನೆಟ್ಟಗೆ ಮಾಡಿದರು. ಸಾಯುವ ಯಜಮಾನ ಬಿಟ್ಟುಹೋಗುವ ಮಾತು ಅದು; ಮನೆತನದ ಪಟ್ಟದ ಹೆಸರು, ಭೂಮಿ, ಸಭೆಯಲ್ಲಿ ಒರಗಿ ಕೂರುವ ಕಂಬ ಎಲ್ಲವೂ ಅದರ ಮೇಲೆ ನಿಲ್ಲುತ್ತದೆ. ಆಗ ಅವಳು ಬಾಯಿ ಬಿಡಬಹುದಾಗಿತ್ತು. ಇವರಿಗೆ ನಾನು ಯಾರೆಂದು ಗೊತ್ತಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಬದಲಿಗೆ ಅಪ್ಪನ ಕಿವಿಯ ಹತ್ತಿರ ಬಗ್ಗಿ, ಚಾಪೆಯ ಮೇಲಿದ್ದವರಿಗೆ ಕೇಳದ ಹಾಗೆ, ಹೊರ್ತೀನಿ ತಮ್ಮಾ ಎಂದಳು. ಅಪ್ಪ ಕಣ್ಣು ಮುಚ್ಚಿದ. ಆ ‘ತಮ್ಮಾ’ ಎಂಬುದೇ ಮೂರು ದಿನದಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಸನ್ನಿ ಅಪ್ಪನದು, ಅವಳಿಗೇನಾಗಿತ್ತು?

ಇಯೇಲು ಒಂಬತ್ತಕ್ಕೇ ಬಂದ. ಬಸ್ಸಿಗೆ ಬೇರೆಯವನನ್ನು ಹಚ್ಚಿ ಬಂದಿದ್ದ. ಒಗೆದ ಬಿಳಿ ಅಂಗಿ, ಸೊಂಟಕ್ಕೆ ಸುತ್ತಿದ ಕಪ್ಪು ಲಾವಲಾವ. ಒಂದು ಕೈಯಲ್ಲಿ ಬೇಯಿಸಿದ ದೀವಿ ಹಲಸು, ಇನ್ನೊಂದರಲ್ಲಿ ತೆಂಗಿನ ಹಾಲಿನ ಪಾತ್ರೆ. ಚೀಲ ನೋಡಿ ಅವನ ಮುಖ ಇಳಿದುಹೋಯಿತು. ನನಗೆ ಹೇಳಿದ್ದರೆ ಬರುತ್ತಿದ್ದೆನಲ್ಲ, ನೀವ್ಯಾಕೆ ಮಾಡೋಕೆ ಹೋದಿರಿ ಎಂದ. ನಿನಗೆ ನಳಿಗೆ ಹಾಕೋಕೆ ಬರುತ್ತಾ ಎಂದು ಅವಳು ಕೇಳಿದ್ದಕ್ಕೆ, ಬಸ್ಸಿನ ಡೀಸೆಲ್ ಪೈಪು ಹಾಕ್ತೀನಿ, ಇದೇನು ಮಹಾ ಎಂದು ನಕ್ಕ. ಅವನಿಗೆ ಸಿಟ್ಟು ಬಂದಿರಬೇಕಿತ್ತು. ಎಂಟು ವರ್ಷದಿಂದ ಈ ಮನೆತನದ ಮದುವೆ, ಸಾವು, ಇಗರ್ಜಿಯ ಕೆಲಸಕ್ಕೆಲ್ಲ ಓಡಾಡಿದವನು ಅವನು. ಹೆಸರು ಅವನಿಗೇ ಎಂದು ಕೋಳಿಮರಿಗಳಿಗೂ ಗೊತ್ತಿತ್ತು. ಸೋಮವಾರ ಅಪ್ಪನ ಮಾತು ಮುಗಿದ ಮೇಲೆ ಅವನು ತಲೆ ಬಗ್ಗಿಸಿ, ದೊಡ್ಡಪ್ಪ ಹೇಳಿದ್ದಾಯ್ತಲ್ಲ ಅಕ್ಕ, ನಾನು ನಿಮ್ಮ ಹಿಂದೆ ಇರ್ತೀನಿ ಎಂದುಬಿಟ್ಟಿದ್ದ. ಅವನು ಜಗಳವಾಡಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

ಯಾಕೆಂದರೆ ಆ ಹೆಸರು ಅವಳಿಗೆ ಬೇಕಾಗಿತ್ತು. ಈ ಮನೆತನದಲ್ಲಿ ಹೆಂಗಸು ಅದನ್ನು ಹೊತ್ತದ್ದಿಲ್ಲ, ಪಕ್ಕದ ಊರುಗಳಲ್ಲಿ ಅಂಥವರಿದ್ದಾರೆ. ಹದಿನಾಲ್ಕು ವರ್ಷದವಳಿದ್ದಾಗ, ಹಿಂದಿನ ಸಾಲಿನಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದವಳು, ಸಭೆಯಲ್ಲಿ ಅಪ್ಪ ಏಳನೆಯ ತಲೆಮಾರಿನ ಹಿರಿಯನ ಹೆಸರಿಗೆ ತಡವರಿಸಿದಾಗ ಥಟ್ಟನೆ ಆ ಹೆಸರನ್ನು ಹೇಳಿಬಿಟ್ಟಿದ್ದಳು. ಸಭೆ ನಿಂತುಹೋಯಿತು. ಅಪ್ಪ ತಿರುಗಿಯೂ ನೋಡದೆ, ಆ ಹುಡುಗಿಗೆ ಪಾತ್ರೆ ತೊಳೆಯೋಕೆ ಹೇಳಿ ಎಂದ. ಹಿತ್ತಲಲ್ಲಿ ಕೂತು ನಲವತ್ತು ತಟ್ಟೆ ತೊಳೆಯುತ್ತ, ಕಂಬಗಳ ನಡುವಿನಿಂದ ತೇಲಿ ಬರುತ್ತಿದ್ದ ಗಂಡಸರ ದನಿಗಳಲ್ಲಿ ಇನ್ನೂ ಎರಡು ತಪ್ಪುಗಳನ್ನು ಅವಳು ಗುರುತಿಸಿದ್ದಳು. ಆಗ ನಾಚಿಕೆಯಾಗಿತ್ತು ಎಂದು ಈಗ ನೆನೆಯುವುದು ಸರಿಯಲ್ಲ. ಆದದ್ದು ಹಟ. ಹೊಲಸು ನೀರಿನಲ್ಲಿ ಕೈಯಿಟ್ಟುಕೊಂಡೇ ಮೂವತ್ತೊಂದು ತಲೆಯ ಹೆಸರುಗಳನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಹೇಳಿಕೊಂಡಿದ್ದಳು. ಅಪ್ಪ ಈಗ ಮಂಚದ ಮೇಲೆ ನಿದ್ದೆ ಹೋಗಿದ್ದ. ಗಡ್ಡದ ಬೆಳ್ಳಗಿನ ಕೂಳೆ, ತೆರೆದ ಬಾಯಿ, ಒಣಗಿದ ನಾಲಗೆ. ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಏನಾದರಾಗಲಿ, ಇವತ್ತು ಹೇಳಿಬಿಡುವುದು. ಅರ್ಧ ಹೇಳುವುದಲ್ಲ. ‘ತಮ್ಮಾ’ ಎಂದದ್ದನ್ನೂ ಸೇರಿಸಿ ಹೇಳುವುದು.

ಸಭೆಯ ಮನೆಯಲ್ಲಿ ಅವಳಿಗೊಂದು ಕಂಬ ಬಿಟ್ಟಿದ್ದರು. ಅದಕ್ಕೆ ಬೆನ್ನು ಕೊಟ್ಟು ಕೂತಾಗ ಮರದ ಗಂಟೊಂದು ಬೆನ್ನೆಲುಬಿಗೆ ಒತ್ತಿತು. ಗಂಡಸರು ಇಷ್ಟು ವರ್ಷ ಇದಕ್ಕೆ ಒರಗಿ ಕೂತು ಒಂದು ಸಲವೂ ಅಂದಿಲ್ಲವಲ್ಲ ಎಂದುಕೊಂಡಳು. ಹನ್ನೆರಡು ಮಂದಿ ಸುತ್ತ ಕೂತಿದ್ದರು. ತಾಲಿಮಾಯಿ ವಾಗ್ಮಿಯ ಗುರುತಾದ ನಾರಿನ ಕುಂಚವನ್ನು ಹೆಗಲ ಮೇಲೆ ಹಾಕಿಕೊಂಡು ಮಾತು ಶುರುಮಾಡಿದರು. ಪರ್ವತಗಳಿಗೆ, ಹಾದುಹೋದ ಹಡಗುಗಳಿಗೆ, ಸತ್ತವರಿಗೆಲ್ಲ ವಂದಿಸಿ, ಸೋಮವಾರದ ಮಾತಿಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಎಪ್ಪತ್ತೆಂಟರ ಮುದುಕ. ಆ ಮಾತನ್ನು ಆಗಲೇ ಎರಡು ಊರುಗಳಲ್ಲಿ ಸಾರಿ ಬಂದಿದ್ದರು. ಹಿರಿಯರು ಒಪ್ಪಿದರೆ ಇನ್ನು ಅವಳಿಗೆ ಆವಾದ ಬಟ್ಟಲು ಕೊಡಬಹುದು ಎಂದು ಅವರು ಮುಗಿಸಿದಾಗ, ಬಟ್ಟಲು ಎತ್ತುವವನು ಆಗಲೇ ಅರ್ಧ ಎದ್ದಿದ್ದ. ಫುವಾತಿನೊ ಎರಡೂ ಅಂಗೈಗಳನ್ನು ಚಾಪೆಯ ಮೇಲೆ ಊರಿದಳು. ದನಿ ನಡುಗಲಿಲ್ಲ. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳಿ ಹೇಳಿ ಬಂದ ಅಭ್ಯಾಸ. ಅಪ್ಪನಿಗೆ ಆ ದಿನ ಸನ್ನಿ ಹಿಡಿದಿತ್ತು, ಅದಕ್ಕೆ ಕಾರಣ ಮೂತ್ರ ಕಟ್ಟಿದ್ದು, ಅದನ್ನು ನೋಡದೆ ಬಿಟ್ಟದ್ದು ತಾನು, ಅವರು ಮಾತಾಡಿದ್ದು ತನ್ನ ಜೊತೆಗಲ್ಲ, ಲಾಂಗಿ ಅತ್ತೆಯ ಜೊತೆಗೆ; ತಾಲಿಮಾಯಿ, ಇಯೇಲು ಇಬ್ಬರೂ ಬರುವ ಒಂದು ಗಂಟೆ ಮೊದಲಿಂದ ಅವರಿಗೆ ತಾನೇ ಲಾಂಗಿ. ಇಷ್ಟನ್ನು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಉಳಿದದ್ದನ್ನೂ ಹೇಳಿದಳು: ಔಷಧಿಯ ಹೊತ್ತು ಮೀರಿಸಿದೆ, ಕೇಳಲು ಹಿತವಾಗಿತ್ತು ಅಂತ, ಅತ್ತೆಯ ಹಾಗೆಯೇ ಉತ್ತರ ಕೊಟ್ಟೆ, ತಮ್ಮಾ ಎಂದೆ.

ಇಯೇಲು ತನ್ನ ಮೊಣಕಾಲಿನ ಪಕ್ಕದ ಚಾಪೆಯ ಎಳೆಯನ್ನು ನೋಡುತ್ತಿದ್ದ. ತಾಲಿಮಾಯಿಗೆ ಸಿಟ್ಟು ಬರುತ್ತದೆ ಎಂದು ಅವಳು ಕಾದಳು. ಅವರು ಕುಂಚವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು.

“ಮಗಳೇ, ನಮ್ಮಪ್ಪ ನನಗೆ ಹೆಸರು ಕೊಡುವಾಗ ನಾನು ಅಂತ ತಿಳಿದು ಕೊಟ್ಟ ಅಂದ್ಕೊಂಡಿದೀಯಾ? ಅವನ ಕುದುರೆ ಅಂತ ತಿಳಿದಿದ್ದ. ಕುತ್ತಿಗೆ ಸವರಿ, ಹುಲ್ಲು ತಿಂದ್ಯಾ ಅಂತ ಕೇಳಿ, ಆಮೇಲೆ ಕೊಟ್ಟ. ನಲವತ್ತು ವರ್ಷ ಹೊತ್ತೆ. ಯಾರಾದ್ರೂ ಕುದುರೆ ಅಂದ್ರಾ?”

ಸುತ್ತ ಕೂತವರ ಹೊಟ್ಟೆಗಳು ಕುಲುಕಿದವು. ಆ ಮೂಲೆಯಿಂದ ಒಬ್ಬರು, ನಿಮ್ಮ ಬೆನ್ನ ಹಿಂದೆ ಅಂತಾರೆ ಎಂದರು. ತಾಲಿಮಾಯಿ ಕೈಯೆತ್ತಿ ನಗು ನಿಲ್ಲಿಸಿದರು. ಸಾಯುವವರು ಎಲ್ಲಿರುತ್ತಾರೋ ಯಾರಿಗೆ ಗೊತ್ತು, ಅವರ ಬಾಯಿಂದ ಮಾತು ಬಂತು, ನಾವು ಕೇಳಿದೆವು, ಹೊರುವ ಭುಜ ಇದೆಯೋ ಇಲ್ಲವೋ ನೋಡುವುದಷ್ಟೇ ನಮ್ಮ ಕೆಲಸ; ಬುದ್ಧಿ ನೆಟ್ಟಗಿತ್ತಾ ಅಂತ ನೋಡುವುದು ನಿಮ್ಮ ಆಸ್ಪತ್ರೆಯ ಕೆಲಸ ಎಂದರು. ಬಟ್ಟಲಿನವನು ಮತ್ತೆ ಎದ್ದ. ಅವಳು ಮೂರು ದಿನ ಕೂಡಿಸಿಟ್ಟುಕೊಂಡಿದ್ದ ಶಿಕ್ಷೆಯನ್ನು ಈ ಮುದುಕರು ಕಬ್ಬಿನ ಸಿಪ್ಪೆ ಉಗುಳಿದಷ್ಟು ಸಲೀಸಾಗಿ ಆಚೆ ಉಗುಳಿದ್ದರು. ತಪ್ಪು ಒಪ್ಪಿಕೊಂಡರೆ ಕಳಚಿಕೊಳ್ಳುತ್ತದೆ ಎಂದು ತಿಳಿದಿದ್ದಳು. ಕಳಚಿಕೊಳ್ಳಲಿಲ್ಲ, ಬದಲಿಗೆ ಬಟ್ಟಲಾಗಿ ಎದುರಿಗೆ ಬಂತು. ಕೈ ಚಾಚಿದರೆ ಸಾಕು. ಚಾಚಿದರೆ ಬದುಕಿರುವಷ್ಟು ದಿನವೂ ಅವಳು ಲಾಂಗಿಯ ಬದಲಿಗೆ ಕೂತವಳು.

“ತಡೀರಿ,” ಎಂದಳು. “ನನಗೆ ಅದು ಸಾಲದು. ಸನ್ನೀಲಿ ಆಡಿದ ಮಾತು ಮಾತಲ್ಲ. ಅದನ್ನ ತೆಗೆದುಹಾಕಿ. ಬುದ್ಧಿ ಸ್ವಾಧೀನದಲ್ಲಿದ್ದು ಹೇಳಿದ ಮಾತಷ್ಟೇ ಲೆಕ್ಕಕ್ಕೆ. ಅಪ್ಪ ಹೇಳದೆ ಹೋದರೆ, ಅವರು ಹೋದ ಮೇಲೆ ನೀವೇ ಕೂತು ಯೋಚಿಸಿ ಕೊಡಿ. ನನಗೆ ಕೊಡಿ ಅಂತ ನಾನೇ ಕೇಳ್ತಾ ಇದೀನಿ.”

ತನಗೆ ತಾನೇ ಪಟ್ಟ ಕೇಳುವವರು ಇಲ್ಲ. ಗಂಡಸರೂ ಕೇಳುವುದಿಲ್ಲ, ಬೇಡ ಬೇಡ ಎಂದು ಮೂರು ಸಲ ತಲೆಯಾಡಿಸಿ ಆಮೇಲೆ ಬಗ್ಗುತ್ತಾರೆ. ಯಾರೂ ನಗಲಿಲ್ಲ. ಅವಳ ಕಿವಿ ಸುಡುತ್ತಿತ್ತು, ಬೆನ್ನಿಗೆ ಗಂಟು ಒತ್ತುತ್ತಿತ್ತು. ಆದರೂ ಅವಳು ಕಂಬ ಬಿಟ್ಟು ಸರಿಯಲಿಲ್ಲ. ತಾಲಿಮಾಯಿ, ಬಾಯಿ ಬಲವಾಗಿದೆ ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಬಟ್ಟಲಿನವನಿಗೆ ಕೂತುಕೋ ಎಂದು ಸನ್ನೆ ಮಾಡಿದರು. ಅವಳ ನಿಬಂಧನೆ ಸಭೆಗೆ ಒಪ್ಪಿಗೆಯಾ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಇಯೇಲುವಿನ ಸರದಿ ಬಂದಾಗ ಅವನು, ಅಕ್ಕ ಹೇಳಿದ ಹಾಗೇ ಆಗಲಿ, ಕೇಳಿದ್ದರಲ್ಲಿ ತಪ್ಪಿಲ್ಲ ಎಂದ. ಅವನ ಪಕ್ಕದವರು, ಅವಳ ಭುಜ ಗಟ್ಟಿ ಇದೆ ಎಂದರು. ಇನ್ನೊಬ್ಬರೂ ಹೌದೆಂದರು. ಗಾಳಿ ತನ್ನ ಕಡೆ ತಿರುಗುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿರುವಾಗಲೇ ಹಿಂದಿನ ಮನೆಯಿಂದ ಅಪ್ಪ ಕೂಗಿದ. ಮಾರ್ಫಿನ್ನಿನ ಹೊತ್ತು. ಅಪ್ಪಣೆ ಕೇಳದೆ ಎದ್ದು, ಕೂತವರ ಮುಂದೆ ಬಗ್ಗಿ ಹಾದು, ಹಿತ್ತಲಿನ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದಳು.

ಅಪ್ಪ ತಲೆದಿಂಬಿನ ಮೇಲೆ ತಲೆ ತಿರುಗಿಸಿ ಬಾಗಿಲನ್ನೇ ನೋಡುತ್ತಿದ್ದ. ಕಣ್ಣುಗಳು ಅವಳ ಜೊತೆಗೇ ಸರಿದವು. ಅವಳು ಸೀಸೆಯ ಕಡೆ ಹೋದರೆ ಸೀಸೆಯ ಕಡೆ, ಮಂಚದ ಕಡೆ ಬಂದರೆ ಮಂಚದ ಕಡೆ. ಅಷ್ಟರಿಂದಲೇ ಸನ್ನಿ ಇಳಿದಿದೆ ಎಂದು ಅವಳಿಗೆ ತಿಳಿಯಿತು.

“ಫುವಾತಿನೊ,” ಎಂದ. “ಈ ಪೈಪು ಯಾರು ಹಾಕಿದ್ದು?”

ನಾನೇ ಎಂದಳು. ಅವನು ಮುಖ ಸಿಂಡರಿಸಿದ, ಆಮೇಲೆ ಇರಲಿ ಎನ್ನುವಂತೆ ಕೈಯಾಡಿಸಿದ. ಸೊಂಟ ಸಿಡಿಯುತ್ತಿದೆ, ಹೊಟ್ಟೆ ಮಾತ್ರ ಹಗುರ ಎಂದ. ಇವತ್ತು ಯಾವ ವಾರ ಅಪ್ಪಾ ಎಂದು ಅವಳು ಕೇಳಿದಳು. ಗೊತ್ತಿಲ್ಲ, ನಾನು ಮಲಗೇ ಇದ್ದೆನಲ್ಲ, ನೀನು ಹೇಳು ಎಂದ. ಸನ್ನಿಯಲ್ಲಿರುವವರು ಗೊತ್ತಿಲ್ಲ ಎನ್ನುವುದಿಲ್ಲ, ಏನಾದರೊಂದು ಹೇಳುತ್ತಾರೆ. ಸಭೆಯ ಮನೆಯಿಂದ ಬರುತ್ತಿದ್ದ ದನಿಗೆ ಕಿವಿಗೊಟ್ಟು, ತಾಲಿಮಾಯಿ ಅಲ್ಲವಾ, ಅವನ ಭಾಷಣ ಮುಗಿಯುವುದರೊಳಗೆ ನಾನು ಹೊರಟುಬಿಡುತ್ತೇನೆ ಎಂದ. ಅವಳು ಚಮಚದಲ್ಲಿ ಮಾರ್ಫಿನ್ ಅಳೆದು ಕುಡಿಸಿದಳು, ತುಟಿ ಒರೆಸಿದಳು. ಏನು ಸಭೆ ಎಂದು ಅಪ್ಪ ಕೇಳಿದ. ಸುಮ್ಮನೆ, ನಿಮ್ಮ ಆರೋಗ್ಯ ಕೇಳಲು ಬಂದಿದ್ದಾರೆ ಎಂದರೆ ಮುಗಿಯುತ್ತಿತ್ತು. ಅರ್ಧ ಗಂಟೆಯಲ್ಲಿ ಮಾರ್ಫಿನ್ ಹಿಡಿದು ಅವನು ಮಲಗುತ್ತಿದ್ದ. ಮತ್ತೆ ಇಷ್ಟು ತಿಳಿಯಾಗಿ ಏಳುತ್ತಾನೋ ಇಲ್ಲವೋ.

ನಿಮ್ಮ ಹೆಸರು ಯಾರಿಗೆ ಅಂತ ಸಭೆ ಎಂದಳು. ಅದಕ್ಕೇನು ಸಭೆ, ಇಯೇಲು ಇದ್ದಾನಲ್ಲ ಎಂದ ಅಪ್ಪ, ಉಪ್ಪು ಎಲ್ಲಿದೆ ಎಂದು ಹೇಳುವ ದನಿಯಲ್ಲಿ.

“ನನಗೆ ಕೊಡಿ ಅಂತ ಕೇಳಿದೀನಿ ಅಪ್ಪಾ.”

ಅಪ್ಪ ಅವಳನ್ನು ನೋಡಿದ. ಅವಳನ್ನೇ, ಅವಳ ಹಿಂದೆ ನಿಂತ ಬೇರೆ ಯಾರನ್ನೂ ಅಲ್ಲ. ಸಿಟ್ಟಿರಲಿಲ್ಲ. ಬಲೆ ಕೊಳ್ಳುವವನು ಬಲೆಯನ್ನು ಎತ್ತಿ ಹಿಡಿದು ನೋಡುವ ಹಾಗೆ ನೋಡಿದ.

“ನಿನಗೆ ಬೇಡ,” ಎಂದ. “ನೀನು ಅವನಿಗಿಂತ ಬುದ್ಧಿವಂತೆ. ಆದರೆ ಯಾರು ತಪ್ಪಿದರೂ ನಿನಗೆ ತಡ್ಕೊಳೋಕಾಗಲ್ಲ. ಇಯೇಲು ಜನ ತಪ್ಪೋದಕ್ಕೆ ಬಿಡ್ತಾನೆ. ನೂರೆಂಬತ್ತು ಜನರನ್ನ ಕಟ್ಟಿಕೊಂಡು ಬಾಳೋಕೆ ಅದು ಬೇಕು.”

ಅಷ್ಟು ಮಾತಿಗೇ ಸುಸ್ತಾಗಿ ಕಣ್ಣು ಮುಚ್ಚಿಕೊಂಡ. ನೀನು ನೋಡಿಕೊಂಡದ್ದು ಚೆನ್ನಾಗಿತ್ತು ಎಂದೋ, ನೋಯಿಸಿದೆನಾ ಎಂದೋ ಅವನು ಸೇರಿಸಬಹುದು ಎಂದು ಅವಳು ನಿಂತಳು. ಸೇರಿಸಲಿಲ್ಲ. ಹೊರಗೆ ಯಾರೂ ಇರಲಿಲ್ಲ. ಒಂದು ಹಂದಿ ತೆಂಗಿನ ಚಿಪ್ಪನ್ನು ಮೂತಿಯಿಂದ ತಳ್ಳಿಕೊಂಡು ಹೋಗುತ್ತಿತ್ತು. ಕೇಳಿಸಿಕೊಂಡವಳು ಅವಳೊಬ್ಬಳೇ. ಆ ಮಾತನ್ನು ನುಂಗಿಬಿಟ್ಟರೆ ಅದು ಆಡಿದ್ದೂ ಅಲ್ಲ. ಸನ್ನಿಯ ಮಾತನ್ನು ತೆಗೆಸಿದ ಪ್ರಾಮಾಣಿಕಳೆಂದು ಸಭೆ ಆಗಲೇ ಅರ್ಧ ಅವಳ ಕಡೆಗಿದೆ. ಅಪ್ಪ ಹೇಳಿದ್ದು ಸುಳ್ಳು ಎಂದುಕೊಂಡು ನೋಡಿದಳು, ಆಗಲಿಲ್ಲ. ಅನ್ಯಾಯ ಎಂದುಕೊಂಡಳು, ಅದು ಸ್ವಲ್ಪ ಹೊತ್ತು ನಿಂತಿತು. ನಾನು ಕಲಿಯಬಲ್ಲೆ, ಸುಮ್ಮನಿರುವುದನ್ನೂ ಕಲಿಯಬಲ್ಲೆ, ಇವತ್ತಿನಿಂದಲೇ, ಈ ಕ್ಷಣದಿಂದಲೇ ಸುಮ್ಮನಿರಬಲ್ಲೆ. ಹಾಗೆಂದುಕೊಂಡದ್ದೇ ತಡ, ಅಪ್ಪನ ಮಾತನ್ನು ಬಚ್ಚಿಡುವುದನ್ನೇ ತಾನು ಕಲಿಕೆ ಎಂದು ಕರೆಯುತ್ತಿದ್ದೇನೆ ಎಂಬುದು ಅವಳಿಗೆ ಕಂಡು, ಮೈ ಹೇಸಿತು. ಸಿಟ್ಟಿನಿಂದ ಅಪ್ಪನ ಹೊದಿಕೆಯನ್ನು ಎಳೆದು ಸರಿಮಾಡಿದಳು. ಅಪ್ಪ ಕಣ್ಣು ತೆರೆದು, ಮೆಲ್ಲಗೆ ಮಾರಾಯ್ತಿ ಎಂದ.

ಮಲಗಬೇಡಿ ಅಪ್ಪಾ, ಕಾಲು ಗಂಟೆ ಎಚ್ಚರ ಇರಿ, ಹೇಗಾದರೂ ಮಾಡಿ ಇರಿ ಎಂದು ಅವಳು ಹೇಳಿದಳು. ಮುಖಕ್ಕೆ ಒದ್ದೆ ಬಟ್ಟೆ ಒತ್ತಿದಳು. ಸೂರ್ಯನ ಬೆಳಕು ಮಂಚದ ಮೇಲೆ ಬೀಳಲಿ ಎಂದು ಎಲ್ಲ ತಟ್ಟಿಗಳನ್ನೂ ಒಂದೊಂದಾಗಿ ಎತ್ತಿ ಕಟ್ಟಿದಳು. ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿದಳು, ಓಡದೆ, ಆದರೆ ಬೇಗ ಬೇಗ.

ಸಭೆಯ ಮನೆಯಲ್ಲಿ ಒಪ್ಪಿಗೆ ಕೇಳುವುದು ಮುಗಿಯುತ್ತ ಬಂದಿತ್ತು. ಅವಳು ಕಂಬದ ಹತ್ತಿರ ಹೋಗಲಿಲ್ಲ. ಅಂಚಿನಲ್ಲಿ, ಮೆಟ್ಟಿಲ ಹತ್ತಿರ ಮೊಣಕಾಲೂರಿದಳು. ಅಪ್ಪನಿಗೆ ಈಗ ಎಚ್ಚರವಿದೆ, ಬುದ್ಧಿ ನೆಟ್ಟಗಿದೆ, ಅವರು ಹೇಳಿದ್ದನ್ನು ಹೇಳುತ್ತೇನೆ ಎಂದಳು. ಕೇಳಿಸಿಕೊಂಡವರು ಯಾರು ಎಂದು ತಾಲಿಮಾಯಿ ಕೇಳಿದರು. ನಾನೊಬ್ಬಳೇ ಎಂದಳು. ಹೆಸರು ಇಯೇಲುವಿಗೆ ಎಂದು ಹೇಳಿದಳು. ಕಾರಣವನ್ನೂ ಹೇಳಿದಳು, ಒಂದು ಶಬ್ದ ಬಿಡದೆ, ಅಪ್ಪ ಹೇಳಿದ ಕ್ರಮದಲ್ಲಿಯೇ. ಇಯೇಲು ತಲೆ ಎತ್ತಿ, ಅಕ್ಕ, ಬಿಡಿ, ಯಾರೂ ಕೇಳಿಲ್ಲವಲ್ಲ ಎಂದ.

“ಅದಕ್ಕೇ ಕರೀತಾ ಇದೀನಿ,” ಎಂದಳು ಫುವಾತಿನೊ. “ಏಳು. ತಾಲಿಮಾಯಿಯವರೇ, ನೀವೂ ಏಳಿ. ಇನ್ನು ಹತ್ತು ನಿಮಿಷ ಅಪ್ಪನಿಗೆ ಎಚ್ಚರ ಇರಬಹುದು, ಆಮೇಲೆ ಔಷಧಿ ಹಿಡಿಯುತ್ತೆ.”

ಇಯೇಲು ಏಳಲಿಲ್ಲ. ಅವಳು ಚಾಪೆಯ ಮೇಲೆ ನಡೆದು ಹೋಗಿ, ಎಲ್ಲರೆದುರು, ಅವನ ರಟ್ಟೆ ಹಿಡಿದು ಎಬ್ಬಿಸಿದಳು.